ನಮ್ಮ ಹಾಡು ಎಲ್ಲಿರಬೇಕು?
ಸ್ಮಾರ್ಟ್‌ಫೋನಿನಲ್ಲಿ ಸ್ವಂತ ಸಂಗೀತ ಸಂಗ್ರಹ: ಒಂದು ಸಮೀಕ್ಷೆ

ಕೈಯಲ್ಲಿರುವ ಫೋನಿನಲ್ಲಿ ಯಾವ ಹಾಡನ್ನಾದರೂ ಹುಡುಕಿ ಕೇಳಬಹುದಾದ ಈ ಕಾಲದಲ್ಲಿ ಹಾಡನ್ನು ಕೂಡಿಡುವ ಅಗತ್ಯವಾದರೂ ಏನು? ಕಳೆದ ಹತ್ತು ವರ್ಷಗಳಿಂದ ಸಂಗೀತ ಕೇಳುವವರ ನಡುವೆ ಈ ಪ್ರಶ್ನೆ ಬಗೆಬಗೆಯಾಗಿ ಚರ್ಚೆಯಾಗುತ್ತಿದೆ. ಆ್ಯಪ್ ಇರುವಾಗ ಸಂಗ್ರಹವೆಂಬುದು ಹಳೆಯ ಹವ್ಯಾಸ ಎನ್ನುವವರಿದ್ದಾರೆ. ಫೈಲ್ ನಮ್ಮ ಬಳಿ ಇಲ್ಲದಿದ್ದರೆ ಹಾಡು ನಮ್ಮದಲ್ಲ ಎನ್ನುವವರೂ ಇದ್ದಾರೆ. ಇನ್ನು ಕೆಲವರಿಗೆ ನಾದದ ಗುಣವೇ ಮುಖ್ಯ, ಮತ್ತೆ ಕೆಲವರಿಗೆ ಹಾಡಿದವರ ಹಕ್ಕೇ ಮುಖ್ಯ. ಈ ವಾದಗಳೆಲ್ಲ ಹೆಚ್ಚಾಗಿ ದೊಡ್ಡ ನಗರಗಳ ಕೇಳುಗರನ್ನು ಕಣ್ಣೆದುರಿಗಿಟ್ಟುಕೊಂಡು ಬೆಳೆದವು. ಅವನ್ನು ಕುಕನೂರಿನಂಥ ಊರಿಗೆ ತಂದು ನಿಲ್ಲಿಸಿದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಯಲಬುರ್ಗಾದಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಒಂದು ಮಗ್ಗುಲಿಗೆ ಗದಗಿನ ಗವಾಯಿಗಳ ಪರಂಪರೆಯಿದೆ, ಇನ್ನೊಂದು ಮಗ್ಗುಲಿಗೆ ಕೊಪ್ಪಳ ಸೀಮೆಯ ಬಯಲಾಟ, ಭಜನೆ, ರಿವಾಯತ್ ಪದಗಳಿವೆ. ಇಲ್ಲಿನ ಮನೆಗಳಲ್ಲಿ ಕೂಡಿಬಿದ್ದಿರುವ ಧ್ವನಿಯಲ್ಲಿ ಕಂಪನಿಗಳು ಮಾರಿದ್ದು ಒಂದು ಪಾಲು ಮಾತ್ರ. ಹಾಗಾಗಿ ಸಂಗ್ರಹ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಎಲ್ಲ ಹಾಡಿಗೂ ಒಂದೇ ಉತ್ತರವಿಲ್ಲ. ಯಾವ ಬಗೆಯ ಧ್ವನಿ ಎಂಬುದನ್ನು ಮೊದಲು ವಿಂಗಡಿಸಿಕೊಂಡರೆ ಉತ್ತರ ಸಿಕ್ಕೀತು ಎಂಬುದು ಈ ಲೇಖನದ ನಿಲುವು.

ತಟ್ಟೆಯಿಂದ ಕ್ಯಾಸೆಟ್ಟಿಗೆ

ಭಾರತದಲ್ಲಿ ಧ್ವನಿಮುದ್ರಣದ ವ್ಯಾಪಾರ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ತಟ್ಟೆಗಳಿಂದ ಬೇರೂರಿತು. 78 ಸುತ್ತಿನ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷ. ತಾಸುಗಟ್ಟಲೆ ಹಾಡುವ ಗಾಯಕರು ರಾಗವನ್ನು ಆ ಅಳತೆಗೆ ಹೊಂದಿಸಬೇಕಾಯಿತು. 1930ರ ದಶಕದಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಗಾಯನ ಎಚ್‌ಎಂವಿ ತಟ್ಟೆಗಳಲ್ಲಿ ಬಂದಾಗ ಅದನ್ನು ಮನೆಯಲ್ಲಿ ಕೇಳಲು ಗ್ರಾಮೊಫೋನ್ ಕೊಳ್ಳುವಷ್ಟು ಅನುಕೂಲ ಬೇಕಿತ್ತು. ಆಗ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಪಕ್ಕದ ಗದಗ ಮುಂಬೈ ಪ್ರಾಂತ್ಯದಲ್ಲಿತ್ತು. ಆಡಳಿತದ ಗಡಿ ಹೀಗಿದ್ದರೂ ಸಂಗೀತಕ್ಕೆ ಆ ಗಡಿ ಅಡ್ಡಬರಲಿಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ವಿದ್ಯಾರ್ಥಿಗಳು ಕಿವಿಯಿಂದಲೇ ಕಲಿತು ಗವಾಯಿಗಳಾದರು, ಸುತ್ತಲ ಊರುಗಳ ಮಠ, ಜಾತ್ರೆ, ಪುರಾಣ ಪ್ರವಚನಗಳಲ್ಲಿ ಹಾಡಿದರು. ವೃತ್ತಿ ನಾಟಕ ಕಂಪನಿಗಳ ರಂಗಗೀತೆಗಳೂ ಇದೇ ಸುತ್ತಿನಲ್ಲಿ ತಿರುಗಿದವು. ಆ ರಂಗಭೂಮಿಯ ಚರಿತ್ರೆಯಲ್ಲಿ ಕಲಾವಿದೆ ರಹಿಮಾನವ್ವನವರ ಹೆಸರಿನ ಜೊತೆ ಕುಕನೂರಿನ ಹೆಸರೂ ಸೇರಿಕೊಂಡಿದೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ ಈ ಭಾಗದ ಗಾಯನಕ್ಕೆ ದೊಡ್ಡ ಕಿವಿ ಸಿಕ್ಕಿತು. ಆದರೆ ರೇಡಿಯೊದಲ್ಲಿ ಬಂದ ಹಾಡು ಆ ಹೊತ್ತಿಗೆ ಕೇಳಿದವರಿಗಷ್ಟೇ ದಕ್ಕುತ್ತಿತ್ತು. ಮತ್ತೆ ಕೇಳುವ ಅಧಿಕಾರ ಕೇಳುಗರಿಗೆ ಇರಲಿಲ್ಲ.

ಆ ಅಧಿಕಾರವನ್ನು ಕೊಟ್ಟಿದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆ ನಮ್ಮ ಹಳ್ಳಿಗಳನ್ನು ಮುಟ್ಟಿದ್ದು 1980ರ ದಶಕದಲ್ಲಿ. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ ಯುಗಕ್ಕೆ ಬಾಗಿಲು ತೆರೆಯಿತು, 1987ರ ‘ಪ್ರೇಮಲೋಕ’ ಸಿನಿಮಾ ಹಾಡಿನ ಕ್ಯಾಸೆಟ್‌ಗೆ ಎಂಥ ಮಾರುಕಟ್ಟೆಯಿದೆ ಎಂದು ತೋರಿಸಿತು. ಅದಕ್ಕಿಂತ ದೊಡ್ಡ ಬದಲಾವಣೆ ಬೇರೆ ಕಡೆ ಆಯಿತು. ಕ್ಯಾಸೆಟ್ಟಿನಲ್ಲಿ ಹಾಡು ಕೇಳುವುದಷ್ಟೇ ಅಲ್ಲ, ತುಂಬಿಕೊಳ್ಳುವುದೂ ಸಾಧ್ಯವಿತ್ತು. ಕೆಂಪು ಗುಂಡಿ ಒತ್ತಿದರೆ ಭಜನಾ ಮೇಳದ ರಾತ್ರಿ, ದೊಡ್ಡಾಟದ ಒಂದು ಸಂಧಿ, ಮೊಹರಂ ಹೆಜ್ಜೆ ಮೇಳದ ರಿವಾಯತ್, ಮದುವೆ ಮನೆಯ ಸೋಬಾನ ಪದ ಎಲ್ಲವೂ ಟೇಪಿಗೆ ಬಂದವು. ಸಣ್ಣ ಊರುಗಳ ಕಂಪನಿಗಳು ಲಾವಣಿ, ಗೀಗೀ ಪದ, ತತ್ವಪದಗಳನ್ನು ಕಡಿಮೆ ಖರ್ಚಿನಲ್ಲಿ ಮುದ್ರಿಸಿ ಜಾತ್ರೆಗಳಲ್ಲಿ ಮಾರಿದವು. ಗಂಗಾವತಿ ಪ್ರಾಣೇಶರ ಹಾಸ್ಯ ಭಾಷಣ ಊರೂರಿನ ಟೇಪ್ ರೆಕಾರ್ಡರಿನಲ್ಲಿ ಮೊಳಗಿದ್ದೂ ಇದೇ ಹಾದಿಯಲ್ಲಿ. ಉತ್ತರ ಭಾರತದ ಕ್ಯಾಸೆಟ್ ಸಂಸ್ಕೃತಿಯ ಬಗ್ಗೆ ಪೀಟರ್ ಮ್ಯಾನ್ಯುಯಲ್ 1993ರಲ್ಲಿ ಬರೆದ ಪುಸ್ತಕ, ಕೆಲವೇ ದೊಡ್ಡ ಕಂಪನಿಗಳ ಹಿಡಿತದಲ್ಲಿದ್ದ ಧ್ವನಿಮುದ್ರಣ ಹೇಗೆ ಪ್ರಾದೇಶಿಕ ಭಾಷೆ, ಸ್ಥಳೀಯ ಹಾಡುಗಾರರ ಕೈಗೆ ಬಂತೆಂದು ವಿವರಿಸುತ್ತದೆ. ಆ ವಿವರಣೆ ಕೊಪ್ಪಳ ಸೀಮೆಗೂ ಸಲ್ಲುತ್ತದೆ.

ಚಿಪ್ಪಿನ ಕಾಲ, ಡೇಟಾ ಕಾಲ

1990ರ ದಶಕದ ಮೊದಲಲ್ಲಿ ರೂಪುಗೊಂಡ ಎಂಪಿ3 ಎಂಬ ವಿಧಾನ ಹಾಡಿನ ಗಾತ್ರವನ್ನು ಹತ್ತನೇ ಒಂದು ಪಾಲಿನಷ್ಟಕ್ಕೆ ಇಳಿಸಿತು. ಸಿಡಿಯಲ್ಲಿ ನಿಮಿಷಕ್ಕೆ 10 ಎಂಬಿ ಬೇಡುವ ಧ್ವನಿ 128 ಕೆಬಿಪಿಎಸ್ ಎಂಪಿ3ಯಲ್ಲಿ ಸುಮಾರು 1 ಎಂಬಿಗೆ ಇಳಿಯುತ್ತದೆ. ಮೊದಲು ನೂರಾರು ಹಾಡಿನ ಎಂಪಿ3 ಸಿಡಿಗಳು ಸಂತೆಗೆ ಬಂದವು, ಬೆನ್ನಿಗೇ ಮೆಮೊರಿ ಕಾರ್ಡ್ ಹಾಕುವ ಅಗ್ಗದ ಮೊಬೈಲ್‌ಗಳು ಬಂದವು. ಸ್ಮಾರ್ಟ್‌ಫೋನ್ ಬರುವ ಮೊದಲೇ ಉತ್ತರ ಕರ್ನಾಟಕದ ಬಸ್ ನಿಲ್ದಾಣಗಳ ಎದುರಿನ ಮೊಬೈಲ್ ಅಂಗಡಿಗಳಲ್ಲಿ ‘ಚಿಪ್ಪಿಗೆ ಹಾಡು ಹಾಕಿಸುವುದು’ ಒಂದು ಕಸುಬಾಯಿತು. ಅಂಗಡಿಯ ಕಂಪ್ಯೂಟರಿನಲ್ಲಿ ರಾಜಕುಮಾರ್ ಹಿಟ್ಸ್, ಭಕ್ತಿಗೀತೆ, ಜಾನಪದ, ಹಾಸ್ಯ ಎಂಬ ಫೋಲ್ಡರ್‌ಗಳಿರುತ್ತಿದ್ದವು. ಗಿರಾಕಿ ಬೇಕಾದದ್ದನ್ನು ಹೇಳಿ ಕೆಲವೇ ರೂಪಾಯಿಗೆ ಚಿಪ್ ತುಂಬಿಸಿಕೊಂಡು ಹೋಗುತ್ತಿದ್ದ. 4 ಜಿಬಿ ಚಿಪ್ಪಿಗೆ ಸುಮಾರು 800 ಹಾಡು ಹಿಡಿಸುತ್ತಿದ್ದವು. ಕಾನೂನಿನ ಕಣ್ಣಿನಲ್ಲಿ ಇದು ಅನುಮತಿಯಿಲ್ಲದ ನಕಲು. ಆದರೂ ಹೊಲದಲ್ಲಿ ದುಡಿಯುವವರು, ಟ್ರ್ಯಾಕ್ಟರ್ ಓಡಿಸುವವರು, ದುಡಿಮೆಗೆ ಗುಳೆ ಹೋಗುವವರು ಮೊದಲ ಬಾರಿಗೆ ತಮ್ಮದೇ ಆಯ್ಕೆಯ ದೊಡ್ಡ ಸಂಗ್ರಹವೊಂದನ್ನು ಜೇಬಿನಲ್ಲಿ ಇಟ್ಟುಕೊಂಡದ್ದು ಹೀಗೆಯೇ. ಸ್ವಂತ ಸಂಗ್ರಹವೆಂದರೆ ಉಳ್ಳವರ ಹವ್ಯಾಸ ಎನ್ನುವ ಮಾತು ಈ ಚರಿತ್ರೆಯನ್ನು ಬಿಟ್ಟು ಆಡಿದ್ದು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು. ಸಾವನ್, ಗಾನಾ, ವಿಂಕ್‌ನಂಥ ಹಾಡಿನ ಆ್ಯಪ್‌ಗಳು ಮೊದಲೇ ಇದ್ದವು, 2019ರಲ್ಲಿ ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್ ಭಾರತಕ್ಕೆ ಬಂದವು. ಚಿಪ್ ತುಂಬುವ ಕಸುಬು ಸೊರಗಿತು. ಮೆಮೊರಿ ಕಾರ್ಡ್ ಜಾಗ, ಇಯರ್‌ಫೋನ್ ತೂತು ಎರಡೂ ಅನೇಕ ಹೊಸ ಫೋನ್‌ಗಳಿಂದ ಮಾಯವಾದವು. ಹಾಡನ್ನು ಕೂಡಿಡುವ ಯಂತ್ರವಾಗಿ ನಮ್ಮೂರಿಗೆ ಬಂದ ಫೋನ್, ಹಾಡನ್ನು ದೂರದಿಂದ ತರಿಸಿಕೊಳ್ಳುವ ಯಂತ್ರವಾಗಿ ಮಾರ್ಪಟ್ಟಿತು. ಇಂದಿನ ಚರ್ಚೆಯ ಬಣಗಳು ಈ ಮಾರ್ಪಾಡಿನಿಂದ ಹುಟ್ಟಿಕೊಂಡವು.

ಮೊದಲ ವಾದ: ಎಲ್ಲವೂ ಆ್ಯಪಿನಲ್ಲಿದೆ

ಈ ವಾದಕ್ಕೆ ಗಟ್ಟಿ ನೆಲೆಯಿದೆ. 128 ಕೆಬಿಪಿಎಸ್‌ನಲ್ಲಿ ಒಂದು ತಾಸು ಹಾಡು ಕೇಳಲು ಸುಮಾರು 58 ಎಂಬಿ ಸಾಕು. ದಿನಕ್ಕೆ 1.5 ಜಿಬಿ ಕೊಡುವ ಪ್ಯಾಕಿನಲ್ಲಿ ಇಡೀ ದಿನ ಕೇಳಿದರೂ ಡೇಟಾ ಮುಗಿಯದು. ಆದ್ದರಿಂದ ಸಂಗ್ರಹದ ಪರವಾಗಿ ಹಿಂದೆ ಹೇಳುತ್ತಿದ್ದ ಖರ್ಚಿನ ಕಾರಣ ಈಗ ಹೆಚ್ಚು ನಿಲ್ಲುವುದಿಲ್ಲ. ಬರೀ ಧ್ವನಿಗಾಗಿ ವಿಡಿಯೊ ಓಡಿಸುವವರಿಗೆ ಮಾತ್ರ ಈ ಲೆಕ್ಕ ಹಲವು ಪಟ್ಟು ಏರುತ್ತದೆ. ಇನ್ನೊಂದು ಲಾಭ ಹುಡುಕಾಟದ್ದು. ಗದಗ ಸೀಮೆಯಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಒಂದೇ ರಾಗದ ಬೇರೆ ಬೇರೆ ಕಾಲದ ಗಾಯನವನ್ನು ಕುಕನೂರಿನ ವಿದ್ಯಾರ್ಥಿ ಇಂದು ಒಂದೇ ಸಂಜೆ ಹೋಲಿಸಿ ಕೇಳಬಲ್ಲ. ಯಾವ ಖಾಸಗಿ ಸಂಗ್ರಹವೂ ಅವನಿಗೆ ಇದನ್ನು ಕೊಡುತ್ತಿರಲಿಲ್ಲ. 2023ರ ಜನವರಿಯಲ್ಲಿ ದೇಹಬಿಟ್ಟ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳೂ ಕೇಳುವ ಮನೆಗಳನ್ನು ಇಷ್ಟು ಸಲೀಸಾಗಿ ಮುಟ್ಟುತ್ತಿರುವುದು ಇಂಟರ್‌ನೆಟ್ಟಿನಿಂದಲೇ. ಜೊತೆಗೆ ಫೋನ್ ಕಳೆದರೂ ಆ್ಯಪಿನ ಪಟ್ಟಿ ಉಳಿಯುತ್ತದೆ, ಚಿಪ್ ಕೆಟ್ಟರೆ ಹಾಡೆಲ್ಲ ಹೋಗುತ್ತದೆ.

ಈ ವಾದ ಎಡವುವುದು ‘ಎಲ್ಲವೂ’ ಎಂಬ ಮಾತಿನಲ್ಲಿ. ಆ್ಯಪಿನಲ್ಲಿ ಇರುವುದು ಹಕ್ಕುದಾರರು ಕೊಟ್ಟದ್ದು ಮಾತ್ರ, ಅದೂ ಒಪ್ಪಂದ ಇರುವವರೆಗೆ. 2023ರ ಮಾರ್ಚಿನಲ್ಲಿ ಒಪ್ಪಂದ ಮುರಿದಾಗ ಜೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ಇಳಿದುಹೋದವು. 2024ರಲ್ಲಿ ವಿಂಕ್ ಆ್ಯಪ್ ಬಾಗಿಲು ಹಾಕಿತು. ಇಂಥ ಆ್ಯಪ್‌ಗಳ ಒಳಗೆ ‘ಡೌನ್‌ಲೋಡ್’ ಮಾಡಿಕೊಂಡದ್ದು ಬೀಗ ಹಾಕಿದ ಫೈಲ್. ಆ್ಯಪ್ ಹೋದರೆ ಅದನ್ನು ಬೇರೆ ಪ್ಲೇಯರಿನಲ್ಲಿ ತೆರೆಯಲಾಗದು. ಇನ್ನು ಹಕ್ಕುದಾರರೇ ಇಲ್ಲದ, ಅಥವಾ ಇದ್ದೂ ಕಂಪನಿ ಮುಚ್ಚಿಹೋದ ಮುದ್ರಣಗಳು ಆ್ಯಪಿಗೆ ಬರುವುದು ಅಪರೂಪ. ಯೂಟ್ಯೂಬಿಗೆ ಈ ಮಿತಿ ಕಡಿಮೆ. ಊರಿನ ಹುಡುಗರೇ ಬಯಲಾಟ, ಭಜನೆ, ಡೊಳ್ಳಿನ ಪದಗಳನ್ನು ಅಲ್ಲಿ ಏರಿಸುತ್ತಿದ್ದಾರೆ, ಇದು ದೊಡ್ಡ ಕೆಲಸವೇ. ಆದರೆ ಅಲ್ಲಿಯೂ ಉಳಿವು ಏರಿಸಿದವರ ಖಾತೆಗೆ ಅಂಟಿಕೊಂಡಿದೆ. ಖಾತೆ ಮುಚ್ಚಿದರೆ, ಯಾರೋ ಹಕ್ಕು ಸಾಧಿಸಿದರೆ ಹಾಡು ಇಳಿಯುತ್ತದೆ. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲದಿದ್ದರೆ ಆ ಧ್ವನಿಯೇ ಮುಗಿದಂತೆ.

ಎರಡನೆಯ ವಾದ: ಫೈಲ್ ಕೈಯಲ್ಲಿರಬೇಕು

ಎರಡನೆಯ ಬಣದವರು ಒಡೆತನವನ್ನು ಮುಂದಿಡುತ್ತಾರೆ. ಫೈಲ್ ನಮ್ಮ ಬಳಿ ಇದ್ದರೆ ನೆಟ್‌ವರ್ಕ್ ಬೇಡ, ತಿಂಗಳ ಚಂದಾ ಬೇಡ, ಜಾಹೀರಾತಿನ ಕಾಟವಿಲ್ಲ, ನಾವು ಏನು ಕೇಳುತ್ತೇವೆಂದು ಯಾರೂ ಲೆಕ್ಕವಿಡುವುದಿಲ್ಲ. ಇವರ ಬಲವಾದ ಸಾಕ್ಷ್ಯ ಬೆಂಗಳೂರಿನದೇ. ಫ್ಲಿಪ್‌ಕಾರ್ಟ್ 2012ರಲ್ಲಿ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆದು ಬೀಗವಿಲ್ಲದ ಎಂಪಿ3 ಮಾರಿತು, 2013ರಲ್ಲಿ ಅದನ್ನು ಮುಚ್ಚಿತು. ಅಂಗಡಿ ಮುಚ್ಚಿದರೂ ಕೊಂಡು ಇಳಿಸಿಕೊಂಡವರ ಹಾಡು ಇಂದಿಗೂ ಯಾವ ಫೋನಿನಲ್ಲಾದರೂ ನುಡಿಯುತ್ತದೆ. ಸರೆಗಮ ಕಂಪನಿ 2017ರಲ್ಲಿ ತಂದ ‘ಕಾರವಾನ್’ ಪೆಟ್ಟಿಗೆಯೂ ಇದೇ ಬಯಕೆಗೆ ಸಾಕ್ಷಿ. ಸಾವಿರಾರು ಹಳೆಯ ಹಾಡು ಒಳಗೇ ತುಂಬಿಸಿಕೊಂಡ ಆ ರೇಡಿಯೊದಂಥ ಪೆಟ್ಟಿಗೆಯನ್ನು ಜನ ಅಗ್ಗದ ಡೇಟಾ ಬಂದ ಮೇಲೆಯೇ ಕೊಂಡರು. ಹಿರಿಯರಿಗೆ ಬೇಕಾಗಿದ್ದು ಕೋಟಿ ಹಾಡಿನ ಕಡಲಲ್ಲ, ತಾವು ಬಲ್ಲ ಹಾಡು ಗುಂಡಿ ಒತ್ತಿದೊಡನೆ ಬರುವುದು.

ಫೋನಿನಲ್ಲಿ ಇದನ್ನು ಮಾಡುವುದು ಈಗಲೂ ಕಷ್ಟವಲ್ಲ. ಆಂಡ್ರಾಯ್ಡ್ ಫೋನನ್ನು ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ ‘ಮ್ಯೂಸಿಕ್’ ಫೋಲ್ಡರಿಗೆ ಹಾಡು ಹಾಕಿದರೆ ವಿಎಲ್‌ಸಿ, ಮ್ಯೂಸಿಕೊಲೆಟ್, ಪವರ್‌ಆಂಪ್‌ನಂಥ ಪ್ಲೇಯರ್‌ಗಳು ಅವನ್ನು ತಾವೇ ಹುಡುಕಿಕೊಳ್ಳುತ್ತವೆ. ಐಫೋನಿನಲ್ಲಿ ಚಿಪ್ ಹಾಕುವ ಜಾಗ ಯಾವತ್ತೂ ಇರಲಿಲ್ಲ, ಕಂಪ್ಯೂಟರಿನಿಂದ ಸಿಂಕ್ ಮಾಡಬೇಕು, ಇಲ್ಲವೇ ವಿಎಲ್‌ಸಿಗೆ ಫೈಲ್ ಕಳಿಸಬೇಕು. ಆದರೆ ಕಂಪ್ಯೂಟರ್ ಇಲ್ಲದ, ಫೋನೇ ಎಲ್ಲವೂ ಆಗಿರುವ ಮನೆಗೆ ಈ ಹಾದಿ ದೂರದ್ದು. ಹಿಂದೆ ಚಿಪ್ ತುಂಬುವ ಅಂಗಡಿ ಮಾಡುತ್ತಿದ್ದ ಸೇವೆಗೆ ಕಾನೂನುಬದ್ಧ ಬದಲಿಯೊಂದು ಸಣ್ಣ ಊರುಗಳಲ್ಲಿ ಇನ್ನೂ ಹುಟ್ಟಿಲ್ಲ. ಒಡೆತನದ ವಾದಿಗಳು ಮರೆಯುವ ಇನ್ನೊಂದು ಸಂಗತಿಯಿದೆ. ಕೈಯಲ್ಲಿದ್ದ ಮಾತ್ರಕ್ಕೆ ಫೈಲ್ ಉಳಿಯುವುದಿಲ್ಲ. ಆ್ಯಪ್ ಮುಚ್ಚಿದಾಗ ಕಳೆಯುವಂತೆಯೇ ಚಿಪ್ ಕೆಟ್ಟೋ ಫೋನ್ ಒಡೆದೋ ಹಾಡುಗಳು ಕಳೆದುಹೋಗುತ್ತವೆ. ಒಡೆತನವು ಉಳಿವಿಗೆ ಅವಕಾಶ ಕೊಡುತ್ತದೆ, ಉಳಿವಿನ ಕೆಲಸವನ್ನು ಮಾತ್ರ ನಾವೇ ಮಾಡಬೇಕು.

ಮೂರನೆಯ ವಾದ: ನಾದದ ಗುಣ

ಎಂಪಿ3 ಕಿವಿಗೆ ಕೇಳದು ಎಂದು ಅಂದಾಜಿಸಿದ ಅಂಶಗಳನ್ನು ಕಿತ್ತುಹಾಕಿ ಗಾತ್ರ ಇಳಿಸುತ್ತದೆ. ಏನನ್ನೂ ಕಿತ್ತುಹಾಕದ ಫ್ಲಾಕ್‌ನಂಥ ರೂಪವೇ ಬೇಕೆನ್ನುವುದು ಮೂರನೆಯ ಬಣ. ಕೇಳುವುದಕ್ಕಷ್ಟೇ ಆದರೆ ಈ ವಾದ ಬಹುಪಾಲು ಸಂದರ್ಭಗಳಲ್ಲಿ ಅತಿಯಾಗುತ್ತದೆ. ಮನೆಯ ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡ ಧ್ವನಿಯ ಮೇಲುತುದಿ ಎಂಪಿ3 ಕತ್ತರಿಸುವ ಮಟ್ಟವನ್ನು ಮುಟ್ಟುವುದೇ ಅಪರೂಪ. ಬ್ಲೂಟೂತ್ ಸ್ಪೀಕರಿಗೆ ಕಳಿಸುವಾಗ ಫೋನ್ ಧ್ವನಿಯನ್ನು ಮತ್ತೊಮ್ಮೆ ಕುಗ್ಗಿಸುವುದರಿಂದ ಅಲ್ಲಿ ಫ್ಲಾಕ್ ಫೈಲಿನ ಹೆಚ್ಚುಗಾರಿಕೆಯ ಬಹುಪಾಲು ದಾರಿಯಲ್ಲೇ ಉಳಿಯುತ್ತದೆ. ಆದರೆ ಉಳಿಸಿಡುವ ಮಾತು ಬಂದಾಗ ಇವರ ವಾದ ನಿಲ್ಲುತ್ತದೆ. ಎಂಪಿ3ಯನ್ನು ತಿದ್ದಿ ಮತ್ತೆ ಎಂಪಿ3 ಮಾಡಿದರೆ ಪ್ರತಿ ಸಲವೂ ಸ್ವಲ್ಪ ಕಳೆಯುತ್ತದೆ, ಕಳೆದದ್ದು ಮರಳಿ ಬಾರದು.

ಒಂದು ಕ್ಯಾಸೆಟ್ಟನ್ನು ಫೋನಿಗೆ ತರುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಮಾತು ತಿಳಿಯುತ್ತದೆ. 60 ನಿಮಿಷದ ಕ್ಯಾಸೆಟ್ ತುಂಬಿಕೊಳ್ಳಲು ಪೂರ್ತಿ 60 ನಿಮಿಷ ಬೇಕು, ಇದರಲ್ಲಿ ಅವಸರ ನಡೆಯದು. ಬಹುಕಾಲ ಬಿಗಿಯಾಗಿ ಸುತ್ತಿಕೊಂಡಿದ್ದ ಟೇಪನ್ನು ಮೊದಲು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ ಸಡಿಲಿಸಬೇಕು, ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬೇಕು. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ಕೇಬಲ್ ಹಾಕಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಅಳತೆಯ ಪಟ್ಟಿ ಕೆಂಪಿಗೆ ತಾಗದಂತೆ ಧ್ವನಿಯ ಮಟ್ಟ ಇಟ್ಟುಕೊಳ್ಳಬೇಕು. ಧ್ವನಿ ದಾಖಲೆ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಎಸ್‌ಎ ಹೇಳುವ ಕನಿಷ್ಠ ಮಟ್ಟ 48 ಕಿಲೊಹರ್ಟ್ಸ್, 24 ಬಿಟ್. ಆ ಲೆಕ್ಕದಲ್ಲಿ ಒಂದು ಕ್ಯಾಸೆಟ್ ಸುಮಾರು 1 ಜಿಬಿ ಆಗುತ್ತದೆ, 128 ಕೆಬಿಪಿಎಸ್ ಎಂಪಿ3 ಮಾಡಿದರೆ 58 ಎಂಬಿ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ಸರ‍್ರೆನ್ನುವ ಟೇಪಿನ ಸದ್ದನ್ನು ಅಳಿಸಲು ಹೊರಟು ಅದರ ಜೊತೆಗೇ ಇರುವ ತಂಬೂರಿಯ ನಾದವನ್ನೂ ತಾಳದ ಝಣತ್ಕಾರವನ್ನೂ ಅಳಿಸಿಬಿಡುವುದು. ಏನನ್ನೂ ಮುಟ್ಟದ ಮೂಲ ಫೈಲ್ ಬೇರೆ ಇದ್ದರೆ ಈ ತಪ್ಪನ್ನು ಮುಂದೆ ಯಾರಾದರೂ ತಿದ್ದಬಹುದು. ಇನ್ನೊಂದು ತೊಡಕು ಕೊಂಡಿಯದು. ದೊಡ್ಡಾಟದ ಪದ 30 ನಿಮಿಷಕ್ಕೆ ಎ ಬದಿ ಮುಗಿದಲ್ಲಿ ತುಂಡಾಗಿ ಬಿ ಬದಿಯಲ್ಲಿ ಮುಂದುವರಿಯುತ್ತದೆ. ಅದನ್ನು ತುಂಡು ತುಂಡು ಎಂಪಿ3 ಮಾಡಿದರೆ ಫೈಲುಗಳ ನಡುವೆ ಕ್ಷಣದ ಮೌನ ಸೇರಿಕೊಂಡು ಲಯ ಮುರಿಯುತ್ತದೆ. ಬಿಡುವಿಲ್ಲದೆ ನುಡಿಸುವ ಸೌಲಭ್ಯವಿರುವ ಪ್ಲೇಯರನ್ನು ಆರಿಸಿಕೊಳ್ಳುವುದು ಸಿನಿಮಾ ಹಾಡಿಗಿಂತ ಇಂಥ ಸಂಗ್ರಹಕ್ಕೆ ಹೆಚ್ಚು ಅಗತ್ಯ.

ನಾಲ್ಕನೆಯ ವಾದ: ಹಾಡಿದವರ ಹಕ್ಕು

ಸಂಗ್ರಹವೆಂಬುದು ಕಳ್ಳನಕಲಿಗೆ ಇಟ್ಟ ಒಳ್ಳೆಯ ಹೆಸರು ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಚಿಪ್ ತುಂಬುವ ವ್ಯಾಪಾರದಲ್ಲಿ ಕವಿಗೆ, ಗಾಯಕರಿಗೆ, ವಾದ್ಯಗಾರರಿಗೆ ಪೈಸೆಯೂ ಮುಟ್ಟಲಿಲ್ಲ. ಆದರೆ ಕಾನೂನು ಎಲ್ಲ ನಕಲನ್ನೂ ಒಂದೇ ಎಂದು ಕಾಣುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಅಥವಾ ಸ್ವಂತ ಬಳಕೆಗೆ ನ್ಯಾಯಯುತವಾಗಿ ಕೃತಿಯನ್ನು ಬಳಸುವುದಕ್ಕೆ ವಿನಾಯಿತಿ ಕೊಟ್ಟಿದೆ. 2012ರ ತಿದ್ದುಪಡಿ ಆ ವಿನಾಯಿತಿಯನ್ನು ಕಂಪ್ಯೂಟರ್ ತಂತ್ರಾಂಶದ ಹೊರತು ಎಲ್ಲ ಬಗೆಯ ಕೃತಿಗಳಿಗೂ ಹಬ್ಬಿಸಿತು. ತಾನು ಕೊಂಡ ಕ್ಯಾಸೆಟ್ಟನ್ನು ತನ್ನ ಫೋನಿನಲ್ಲಿ ಕೇಳಲು ಫೈಲ್ ಮಾಡಿಕೊಳ್ಳುವವರಿಗೆ ಇದು ಆಸರೆ. ಅದನ್ನೇ ನೂರು ಜನರಿಗೆ ಹಂಚಿದರೆ, ಮಾರಿದರೆ ಆಸರೆ ತಪ್ಪುತ್ತದೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷ ಮುಗಿದ ಮೇಲಿನ 60 ವರ್ಷಕ್ಕೆ ತೀರುತ್ತದೆ. ಆದ್ದರಿಂದ 78 ಸುತ್ತಿನ ಹಳೆಯ ತಟ್ಟೆಗಳಲ್ಲಿ ಬಹುಪಾಲು ಈಗ ಮುದ್ರಣದ ಮಟ್ಟಿಗೆ ಎಲ್ಲರ ಸ್ವತ್ತು. ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ಸಂಗೀತದ ಧ್ವನಿ ಭಂಡಾರ ಅಂಥ ತಟ್ಟೆಗಳನ್ನು ಡಿಜಿಟಲ್ ಮಾಡಿ ಎಲ್ಲರಿಗೂ ಕೇಳಿಸಿದ್ದು ಈ ಕಾರಣದಿಂದ ಸಾಧ್ಯವಾಯಿತು. ಆದರೆ ಹಾಡನ್ನು ಬರೆದ ಕವಿಯ, ರಾಗ ಹಾಕಿದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. 2012ರ ತಿದ್ದುಪಡಿ ಕವಿ ಮತ್ತು ಸಂಗೀತ ನಿರ್ದೇಶಕರಿಗೆ ರಾಯಧನದ ಸಮಪಾಲನ್ನು ಬಿಟ್ಟುಕೊಡಲಾಗದ ಹಕ್ಕಾಗಿಸಿತು.

ಇನ್ನು ಈ ಸೀಮೆಯ ನಿಜವಾದ ಸಂಪತ್ತಾದ ತತ್ವಪದ, ಸೋಬಾನ, ರಿವಾಯತ್‌ಗಳ ವಿಷಯದಲ್ಲಿ ಕಾನೂನು ಅರ್ಧ ಮಾತ್ರ ಮಾತಾಡುತ್ತದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದಗಳ ಮೇಲೆ ಯಾರಿಗೂ ಹಕ್ಕಿಲ್ಲ, ಆದರೆ ಇಂಥವರು ಇಂಥ ಕಂಪನಿಗೆ ಹಾಡಿದ ಮುದ್ರಣಕ್ಕೆ ಹಕ್ಕಿದೆ. ಭಜನಾ ಮೇಳದಲ್ಲಿ ಯಾರೋ ಟೇಪಿಗೆ ಹಿಡಿದ ಧ್ವನಿಯಲ್ಲಿ ಹಾಡಿದ ಹತ್ತು ಮಂದಿಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಅದನ್ನು ಮನೆಯಲ್ಲಿ ಕೇಳುವುದಕ್ಕೆ ಯಾರ ತಕರಾರೂ ಇರದು, ಜಗತ್ತಿಗೆ ಹಂಚುವ ಮುನ್ನ ಆ ಹತ್ತು ಮನೆಗಳನ್ನು ಕೇಳುವುದು ಮಾಡಲೇಬೇಕಾದ ಕೆಲಸ.

ಹೆಸರಿಲ್ಲದ ಫೈಲು

ನಾಲ್ಕೂ ಬಣಗಳು ಅಷ್ಟಾಗಿ ಗಮನಿಸದ ಒಂದು ಸಮಸ್ಯೆ ಕನ್ನಡದ ಸಂಗ್ರಹವನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಅದು ಹೆಸರಿನದು. ಪ್ಲೇಯರ್ ಹಾಡನ್ನು ಗುರುತಿಸುವುದು ಫೈಲಿನೊಳಗಿನ ಟ್ಯಾಗಿನಿಂದ. ಮೊದಲ ತಲೆಮಾರಿನ ಟ್ಯಾಗಿನಲ್ಲಿ ಹಾಡಿನ ಹೆಸರಿಗೆ ಇದ್ದ ಜಾಗ 30 ಇಂಗ್ಲಿಷ್ ಅಕ್ಷರ, ಕನ್ನಡಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಯುನಿಕೋಡ್ ಬರುವ ಮುಂಚಿನ ನುಡಿ, ಬರಹ ಅಕ್ಷರದಲ್ಲಿ ಹೊಡೆದ ಹೆಸರು ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಚಿಪ್ ತುಂಬಿದ ಅಂಗಡಿಯ ಫೈಲುಗಳಲ್ಲಿ ಗಾಯಕರ ಜಾಗಕ್ಕೆ ಯಾವುದೋ ವೆಬ್‌ಸೈಟಿನ ಹೆಸರು ಕೂತಿರುತ್ತದೆ. ವಾಟ್ಸಾಪಿನಲ್ಲಿ ಹಾಡನ್ನು ಆಡಿಯೊ ಆಗಿ ಕಳಿಸಿದರೆ ಅದು ‘ಎಯುಡಿ-20190412-ಡಬ್ಲ್ಯುಎ0007’ ಎಂಬಂಥ ಹೆಸರು ತೊಟ್ಟು ತಲುಪುತ್ತದೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ಬರೆದಿದ್ದ ಊರು, ಮೇಳ, ವರ್ಷ ಫೋನಿಗೆ ಬರುವಷ್ಟರಲ್ಲಿ ಅಳಿದುಹೋಗಿರುತ್ತದೆ.

ಇದು ಅಂದಚೆಂದದ ಪ್ರಶ್ನೆಯಲ್ಲ. ಗದಗಿನ ಆಶ್ರಮದ ಪರಂಪರೆಯಲ್ಲಿ ಕಲಿತ ಅಂಧ ಕಲಾವಿದರು ಇಂದು ಫೋನನ್ನು ಬಳಸುವುದು ಪರದೆಯ ಬರಹವನ್ನು ಓದಿಹೇಳುವ ಟಾಕ್‌ಬ್ಯಾಕ್ ಸೌಲಭ್ಯದಿಂದ, ಅದು ಕನ್ನಡವನ್ನೂ ಓದುತ್ತದೆ. ‘ಟ್ರ್ಯಾಕ್ 01’ ಎಂದು ಓದಿಹೇಳಿದರೆ ಅವರಿಗೆ ಪ್ರಯೋಜನವಿಲ್ಲ. ‘ಭೈರವಿ, ವಚನ, ಇಂಥವರ ಗಾಯನ’ ಎಂದು ಓದಿದರೆ ಸಂಗ್ರಹ ಅವರದಾಗುತ್ತದೆ. ಹೊಸ ತಲೆಮಾರಿನ ಟ್ಯಾಗುಗಳು ಯುನಿಕೋಡ್ ಕನ್ನಡವನ್ನು ಚೆನ್ನಾಗಿಯೇ ಹಿಡಿಯುತ್ತವೆ. ಹಾಗಾಗಿ ಉಳಿದಿರುವುದು ತಂತ್ರದ ಅಡ್ಡಿಯಲ್ಲ, ಕೂತು ಬರೆಯುವ ದುಡಿಮೆ. ಆ ದುಡಿಮೆಗೆ ಕಾಲವೂ ಕಡಿಮೆಯಿದೆ. ಟೇಪಿನಲ್ಲಿ ಹಾಡುತ್ತಿರುವ ದನಿ ಯಾರದೆಂದು ಗುರುತಿಸಬಲ್ಲ ಹಿರಿಯರು ಇರುವಾಗಲೇ ಅದು ನಡೆಯಬೇಕು.

ವಿಂಗಡಿಸಿ ನೋಡಿದರೆ

ಇಷ್ಟು ವಾದಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುವುದು, ಪ್ರತಿಯೊಂದೂ ಒಂದೊಂದು ಬಗೆಯ ಧ್ವನಿಗೆ ಸರಿಹೊಂದುತ್ತದೆ ಎಂಬುದು. ಮನೆಯ ಸಂಗ್ರಹದಲ್ಲಿ ಮೂರು ಬಗೆಯಿದೆ. ಮೊದಲನೆಯದು ಇಂದಿಗೂ ಮಾರುಕಟ್ಟೆಯಲ್ಲಿರುವ ಹಾಡು. ಇದಕ್ಕೆ ಆ್ಯಪ್ ಸಾಕು, ಕಲಾವಿದರಿಗೆ ಅಷ್ಟೋ ಇಷ್ಟೋ ಹಣ ಹೋಗುವುದೂ ಆ ದಾರಿಯಲ್ಲೇ. ಎರಡನೆಯದು ಒಮ್ಮೆ ಮಾರಾಟವಾಗಿ ಈಗ ಮರೆಯಾದದ್ದು, ಅಂದರೆ ಜಾತ್ರೆಯಲ್ಲಿ ಮಾರಿದ ಲಾವಣಿ ಕ್ಯಾಸೆಟ್, ಮುಚ್ಚಿಹೋದ ಸಣ್ಣ ಕಂಪನಿಯ ತತ್ವಪದ. ಇಲ್ಲಿ ಒಡೆತನದ ವಾದ ಗೆಲ್ಲುತ್ತದೆ, ಏಕೆಂದರೆ ಕೊಂಡವರ ಪ್ರತಿಯನ್ನು ಬಿಟ್ಟು ಬೇರೆ ಪ್ರತಿಯಿಲ್ಲ. ಮೂರನೆಯದು ಎಂದೂ ಅಂಗಡಿಗೆ ಬಾರದ, ಮನೆಯವರೇ ಹಿಡಿದ ಧ್ವನಿ. ಇಲ್ಲಿ ನಾದದ ಗುಣದ ವಾದವೂ ಹಕ್ಕಿನ ವಾದವೂ ಒಟ್ಟಿಗೆ ಬೇಕು: ಮೂಲವನ್ನು ಕೆಡಿಸದೆ ಇಡಬೇಕು, ಹಾಡಿದವರನ್ನು ಮರೆಯದೆ ಹಂಚಬೇಕು. ಹೀಗೆ ನೋಡಿದಾಗ ದೊಡ್ಡ ನಗರದ ಕೇಳುಗರ ಸಂಗ್ರಹದಲ್ಲಿ ಮೊದಲ ಬಗೆಯೇ ತುಂಬಿರುವುದರಿಂದ ಅಲ್ಲಿ ‘ಆ್ಯಪ್ ಸಾಕು’ ಎಂಬ ಮಾತು ಸಹಜವಾಗಿ ಕೇಳಿಸುತ್ತದೆ. ಕುಕನೂರು, ಕುಷ್ಟಗಿ, ಯಲಬುರ್ಗಾದ ಮನೆಗಳಲ್ಲಿ ಎರಡನೆಯ, ಮೂರನೆಯ ಬಗೆಯ ತೂಕ ಹೆಚ್ಚು. ಆದ್ದರಿಂದ ನಗರದ ತೀರ್ಮಾನವನ್ನು ಇಲ್ಲಿಗೆ ತಂದು ಕ್ಯಾಸೆಟ್ ಪೆಟ್ಟಿಗೆಯನ್ನು ಗುಜರಿಗೆ ಹಾಕಿದರೆ ನಷ್ಟ ತುಂಬಿಕೊಳ್ಳಲಾಗದ್ದು.

ಇದಕ್ಕೆ ಎದುರಾಗುವ ಪ್ರಶ್ನೆ: ಮೂರನೆಯ ಬಗೆಯನ್ನು ಕೇಳುವವರಾದರೂ ಯಾರು? ಕೆಲವೇ ಮಂದಿ, ನಿಜ. ಆದರೆ ಕೇಳುಗರ ಸಂಖ್ಯೆಯಿಂದ ಬೆಲೆ ಕಟ್ಟುವುದು ಮಾರುಕಟ್ಟೆಯ ಕೆಲಸ. ಕೊಪ್ಪಳದ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಅತ್ತ ತಿರುಗಿ ನೋಡಿತು. ಅದಕ್ಕೆ ಮುಂಚಿನ ದಶಕಗಳಲ್ಲಿ ಆ ಆಟ ಉಳಿದದ್ದು ದೊಡ್ಡ ಮಾರುಕಟ್ಟೆಯಿಂದಲ್ಲ, ಆಡುವವರ ಹಟದಿಂದ. ಧ್ವನಿಗೂ ಈ ಮಾತು ಒಪ್ಪುತ್ತದೆ. ಮತ್ತೊಂದು ಪ್ರಶ್ನೆ: ಇದನ್ನೆಲ್ಲ ಆಕಾಶವಾಣಿ, ವಿಶ್ವವಿದ್ಯಾಲಯ, ಅಕಾಡೆಮಿಗಳು ಮಾಡಲಿ, ಮನೆಯವರಿಗೇಕೆ ಹೊರೆ? ಸಂಸ್ಥೆಗಳು ಖಂಡಿತ ಮಾಡಬೇಕು. ಆದರೆ ಯಾವ ಮನೆಯ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಸಂಸ್ಥೆಗೆ ತಿಳಿಯುವುದು ಆ ಮನೆಯವರು ಮೊದಲು ಕೇಳಿ, ಹೆಸರು ಬರೆದಿಟ್ಟಾಗ. ಫೋನಿನಲ್ಲಿ ಸ್ವಂತ ಸಂಗ್ರಹ ನುಡಿಸುವುದರ ಬೆಲೆ ಇಲ್ಲಿದೆ. ದಿನವೂ ಕೇಳುವ ಧ್ವನಿಯ ಕುರಿತು ಮಾತು ಹುಟ್ಟುತ್ತದೆ, ‘ಇದು ಯಾರ ದನಿ’ ಎಂದು ಮಕ್ಕಳು ಕೇಳುತ್ತಾರೆ, ಹಿರಿಯರು ಹೇಳುತ್ತಾರೆ.

ಆದರೆ ಫೋನ್ ಕೇಳುವ ಜಾಗ, ಇಡುವ ಜಾಗವಲ್ಲ. ಫೋನಿನಲ್ಲಿರುವುದು ಕೇಳುವ ಪ್ರತಿ, ಎಂಪಿ3 ಆದರೂ ಸರಿ. ಮೂಲ ಫೈಲ್ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಮನೆಯಲ್ಲೋ ಆನ್‌ಲೈನಿನಲ್ಲೋ ಇನ್ನೊಂದು ಇರಬೇಕು. ನೂರು ಕ್ಯಾಸೆಟ್ಟಿನ ಮೂಲ ಫೈಲುಗಳಿಗೆ ಸುಮಾರು 100 ಜಿಬಿ, ಕೇಳುವ ಪ್ರತಿಗಳಿಗೆ 6 ಜಿಬಿಗಿಂತ ಕಡಿಮೆ ಸಾಕು. ಒಂದು ಮಠ, ಒಂದು ಶಾಲೆ, ಒಂದು ಗ್ರಂಥಾಲಯ ಮನಸ್ಸು ಮಾಡಿದರೆ ಇಡೀ ಊರಿನ ಕ್ಯಾಸೆಟ್ಟುಗಳಿಗೆ ಸಾಲುವಷ್ಟು ಜಾಗ ಇಂದು ಸಾಮಾನ್ಯ ಬೆಲೆಗೆ ಸಿಗುತ್ತದೆ.

ಇತ್ಯರ್ಥವಾಗದ ಪ್ರಶ್ನೆಗಳು

ಕೆಲವು ಪ್ರಶ್ನೆಗಳು ಇನ್ನೂ ಬಗೆಹರಿದಿಲ್ಲ. ಮುಚ್ಚಿಹೋದ ಕಂಪನಿಯ ಕ್ಯಾಸೆಟ್ಟಿನ ಹಕ್ಕುದಾರರು ಸಿಗದಿದ್ದಾಗ ಗ್ರಂಥಾಲಯವೊಂದು ಅದನ್ನು ಡಿಜಿಟಲ್ ಮಾಡಿ ಊರವರಿಗೆ ಕೇಳಿಸಲು ಸುಲಭದ, ಖರ್ಚಿಲ್ಲದ ಕಾನೂನು ದಾರಿ ಬೇಕಿದೆ. ಸ್ವಂತ ಬಳಕೆಯ ವಿನಾಯಿತಿ ಒಂದು ಮನೆಗೆ ಸೀಮಿತವೋ, ಒಂದು ಭಜನಾ ಮೇಳಕ್ಕೂ ಅನ್ವಯಿಸುತ್ತದೆಯೋ ಎಂಬುದಕ್ಕೆ ಕಾಯ್ದೆಯ ಮಾತಿನಲ್ಲಿ ನೇರ ಉತ್ತರವಿಲ್ಲ. ಸಮುದಾಯ ಒಟ್ಟಾಗಿ ಹಾಡುವ ಪದಕ್ಕೆ ಒಪ್ಪಿಗೆ ಕೊಡುವವರು ಯಾರು, ಅದರಿಂದ ಹಣ ಬಂದರೆ ಯಾರಿಗೆ ಸಲ್ಲಬೇಕು ಎಂಬುದು ಕಾನೂನಿಗಿಂತ ಹಿರಿದಾದ ಪ್ರಶ್ನೆ. ರಾಗ, ತಾಳ, ಮಟ್ಟು, ಮೇಳ, ಊರು ಎಂಬ ನಮ್ಮ ವಿವರಗಳನ್ನು ಸಿನಿಮಾ ಹಾಡಿಗೆಂದು ರೂಪಿಸಿದ ‘ಆಲ್ಬಮ್’, ‘ಆರ್ಟಿಸ್ಟ್’ ಎಂಬ ಖಾನೆಗಳಲ್ಲಿ ಹೇಗೆ ತುಂಬಬೇಕೆಂಬ ಬಗ್ಗೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಪದ್ಧತಿ ಬೆಳೆಯಬೇಕಿದೆ. ಮೆಮೊರಿ ಕಾರ್ಡ್ ಜಾಗವನ್ನು ಕೈಬಿಡುತ್ತಿರುವ ಫೋನ್ ತಯಾರಕರು ಸ್ವಂತ ಫೈಲಿನ ಹಾದಿಯನ್ನು ಇನ್ನೆಷ್ಟು ದಿನ ತೆರೆದಿಡುತ್ತಾರೆ ಎಂಬುದು ಕೇಳುಗರ ಕೈಯಲ್ಲಿಲ್ಲ. ಮಾಲೀಕರು ತೀರಿಕೊಂಡ ಮೇಲೆ ಬೀಗ ಹಾಕಿದ ಫೋನಿನಲ್ಲಿ ಉಳಿಯುವ ಸಂಗ್ರಹ ಮಕ್ಕಳ ಕೈಗೆ ಬರುವ ದಾರಿಯನ್ನು ಬಹಳಷ್ಟು ಮನೆಗಳು ಯೋಚಿಸಿಯೇ ಇಲ್ಲ. ಇವುಗಳಲ್ಲಿ ಕೆಲವಕ್ಕೆ ಸಂಸತ್ತು ಉತ್ತರಿಸಬೇಕು, ಕೆಲವಕ್ಕೆ ಕಂಪನಿಗಳು, ಕೆಲವಕ್ಕೆ ಕನ್ನಡದ ತಂತ್ರಜ್ಞರು. ಹೆಸರು ಬರೆದಿಡುವ ಕೆಲಸ ಮಾತ್ರ ಅವರಾರಿಗೂ ಕಾಯಬೇಕಿಲ್ಲ, ಅದು ಊರಿನಲ್ಲೇ ಶುರುವಾಗಬಹುದು.